ತ್ರಾಸಿ ಸುತ್ತುವ ಡ್ರ್ಯಾಗನ್

ಇಲ್ಲದ ಊರಿನ ನಕ್ಷೆ ಬರೆಯುವುದು ಕಷ್ಟ. ದಾರಿ ಕೇಳಲು ಅಲ್ಲಿ ಗೂಡಂಗಡಿಯೂ ಇರುವುದಿಲ್ಲ. 1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಕಲ್ಪನಾಲೋಕದ ಆಟದ ಬೆನ್ನಿಗೆ ಕಾದಂಬರಿಗಳು ಹುಟ್ಟಿಕೊಂಡವು. ಅವುಗಳಲ್ಲೊಂದಾದ ‘ಡ್ರ್ಯಾಗನ್‌ಲ್ಯಾನ್ಸ್’ ಜಗತ್ತಿಗೆ 1987ರಲ್ಲಿ ಅಟ್ಲಾಸ್ ಬರೆದವರು ಅಮೆರಿಕದ ಕರೆನ್ ವಿನ್ ಫಾನ್‌ಸ್ಟಾಡ್. 1981ರಲ್ಲೇ ಕಾದಂಬರಿಕಾರ ಟಾಲ್ಕಿನ್‌ನ ಲೋಕ ಅಳೆದಿದ್ದ ಈಕೆ, ಪಾತ್ರಗಳು ಎಷ್ಟು ದಿನ ನಡೆದವೆಂದು ನೋಡಿ ದೂರ ಕಟ್ಟುತ್ತಿದ್ದರು.

ನಮ್ಮ ಕರಾವಳಿಯ ಗಂಗೊಳ್ಳಿಯಲ್ಲಿ ಈ ಲೆಕ್ಕ ನಡೆಯದು. ಪಂಚಗಂಗಾವಳಿ ನದಿಯಾಚೆ ಕುಂದಾಪುರ ಕಣ್ಣಿಗೇ ಕಾಣುತ್ತದೆ. ದೋಣಿಯಲ್ಲಾದರೆ ಬಾಯೊಳಗಿನ ಎಲೆಯಡಿಕೆ ಮುಗಿಯುವಷ್ಟರಲ್ಲಿ ದಡ. ಬಸ್ಸಿಗಾದರೋ ದಕ್ಷಿಣದ ಊರಿಗೆ ಹೋಗಲು ಮೊದಲು ಉತ್ತರಕ್ಕೆ ಓಡಿ, ತ್ರಾಸಿ, ಹೆಮ್ಮಾಡಿ ಸುತ್ತಿ ಬರಬೇಕು. ಇಬ್ಬರು ಪ್ರಯಾಣಿಕರ ಮಾತು ನಂಬಿದ ನಕ್ಷೆಗಾರ ಎರಡು ಕುಂದಾಪುರ ಗುರುತಿಸಿಯಾನು! ಇನ್ನು ಸೌಪರ್ಣಿಕಾ ನದಿ. ಮರವಂತೆಯಲ್ಲಿ ಕಡಲಿಗೆ ರಸ್ತೆಯಷ್ಟೇ ಅಂತರ ಬಿಟ್ಟು, ಸೇರದೆ ಮುಖ ತಿರುಗಿಸಿ, ಗಂಗೊಳ್ಳಿಗೆ ಬಂದೇ ಸೇರುವುದು. ಕಾದಂಬರಿಯಲ್ಲಿ ಹೀಗೆ ಬರೆದರೆ, ನದಿ ಹೀಗೆಲ್ಲ ಹರಿಯುವುದಿಲ್ಲವೆಂದು ಸಂಪಾದಕ ಕಾಟು ಹೊಡೆಯುತ್ತಿದ್ದ.

ಯಕ್ಷಗಾನ ಬಯಲಾಟದ ರಂಗದಲ್ಲಂತೂ ಭಾಗವತರ ಒಂದು ಪದ್ಯ, ವೇಷದ ಒಂದು ಸುತ್ತು. ಅಯೋಧ್ಯೆಯಿಂದ ಲಂಕೆ ತಲುಪಿಯಾಯಿತು. ಸ್ಕೇಲು ಹಿಡಿದವನ ಗತಿ ದೇವರಿಗೇ ಪ್ರೀತಿ.

ಫಾನ್‌ಸ್ಟಾಡ್ 1990ರಲ್ಲಿ ಅದೇ ಆಟದ ‘ಫರ್ಗಾಟನ್ ರೆಲ್ಮ್ಸ್’ ಲೋಕಕ್ಕೂ ಅಟ್ಲಾಸ್ ಬರೆದರು. ಯಕ್ಷಗಾನದ ತಂಟೆಗೆ ಬರಲಿಲ್ಲ.