ತೊಂಬತ್ತು ಸಾವಿರದ ಕಂತು

“ಸ್ವಾಮಿ, ಸ್ವಲ್ಪ ಈ ಕಡೆ ಬನ್ನಿ!” ಪಕ್ಕದ ಮನೆ ರಾಯರು ಕಾಂಪೌಂಡಿನಾಚೆಯಿಂದ ಕೂಗಿದರು. ಒಂದು ಕೈಯಲ್ಲಿ ಬ್ಯಾಂಕಿನ ಪಟ್ಟಿ, ಇನ್ನೊಂದರಲ್ಲಿ ಮಗಳ ಬಿಎ 2 ಪ್ಲಸ್ ಕ್ಯಾಲ್ಕುಲೇಟರ್. ಹುಡುಗಿ ಸಿಎಫ್‌ಎ ಎಂಬ ಹಣಕಾಸಿನ ಪರೀಕ್ಷೆಗೆ ಓದುತ್ತಿದ್ದಾಳೆ. ಆ ಪರೀಕ್ಷೆಗೆ ಒಳಗೆ ಬಿಡುವುದು ಇದನ್ನು, ಇಲ್ಲವೇ 1981ರಿಂದ ನಡೆದುಬಂದಿರುವ ಎಚ್‌ಪಿ 12ಸಿಯನ್ನು ಮಾತ್ರ.

“ಹತ್ತು ಲಕ್ಷ ಸಾಲ, ಶೇ. 9 ಬಡ್ಡಿ, 20 ವರ್ಷ. ಬ್ಯಾಂಕಿನವರು ತಿಂಗಳಿಗೆ 8,997 ಅಂತಾರೆ. ಇದು ನೋಡಿದ್ರೆ 90,000 ಅಂತಿದೆ!”

“ಎನ್‌ಗೆ, ಅಂದ್ರೆ ಒಟ್ಟು ಕಂತಿಗೆ, ಏನು ಒತ್ತಿದ್ರಿ?”

“240. ಬಡ್ಡಿಯ ಐ/ವೈಗೆ 9.”

“ಸರಿ ಹೋಯ್ತು. ಒಳಗೆ ಪಿ/ವೈ ಅಂತೊಂದು ಇದೆ, ವರ್ಷಕ್ಕೆ ಎಷ್ಟು ಕಂತು ಅಂತ. ನಿಮ್ಮ ಮಗಳು ಅದನ್ನ 1ರಲ್ಲೇ ಇಟ್ಟಿದಾಳೆ. ಹಾಗಾಗಿ ಅದು 240 ವರ್ಷದ ಸಾಲ ಅಂದ್ಕೊಂಡಿದೆ. ಹತ್ತು ಲಕ್ಷಕ್ಕೆ ವರ್ಷದ ಬಡ್ಡಿಯೇ 90,000. ಅಸಲು ತೀರಿಸೋಕೆ ನಿಮ್ಮ ಮರಿಮಕ್ಕಳಿಗೂ ಆಗಲ್ಲ.”

ಸೆಕೆಂಡ್, ಪಿ/ವೈ, 12, ಎಂಟರ್, ಸೆಕೆಂಡ್, ಕ್ವಿಟ್ ಒತ್ತಿಸಿದೆ. ಆಮೇಲೆ ಕಂತು ಕೇಳಲು ಸಿಪಿಟಿ, ಪಿಎಂಟಿ. ಮೈನಸ್ 8,998.76 ಬಂತು.

“ಮೈನಸ್ ಯಾಕೆ?”

“ಸಾಲ ಕೈಗೆ ಬಂದಾಗ ಪ್ಲಸ್, ಕಂತು ಕೈಬಿಟ್ಟು ಹೋಗುವಾಗ ಮೈನಸ್. ಎರಡನ್ನೂ ಪ್ಲಸ್ ಅಂತಲೇ ಕೊಟ್ಟು ಬಡ್ಡಿ ಎಷ್ಟು ಅಂತ ಕೇಳಿ ನೋಡಿ, ‘ಎರರ್ 5’ ಅನ್ನುತ್ತೆ.”

“ಅದಿರಲಿ, ಈ ಒಂದೂಮುಕ್ಕಾಲು ರೂಪಾಯಿ ಎಲ್ಲಿಂದ ಬಂತು?”

ಲೆಡ್ಜರ್ ಬರೆದ ಕೈ, ಬಿಡುತ್ತದೆಯೇ! ಆರ್‌ಸಿಎಲ್ ಒತ್ತಿ ಎಫ್‌ವಿ, ಅಂದರೆ ಕೊನೆಗೆ ಉಳಿಯುವ ಮೊತ್ತ, ನೋಡಿದರೆ 1,000 ಕೂತಿದೆ. ಹುಡುಗಿ ರಾತ್ರಿ ಬಾಂಡ್ ಲೆಕ್ಕ ಮಾಡಿದ್ದಳಂತೆ, ಅದರ ಮುಖಬೆಲೆ. ಹಳೆ ಬಾಡಿಗೆದಾರ ಅಟ್ಟದ ಮೇಲೆ ಬಿಟ್ಟುಹೋದ ಸಾಮಾನಿನ ಹಾಗೆ. ಆಫ್ ಮಾಡಿದರೂ ಅದು ಹೋಗುವುದಿಲ್ಲ. ಸಿಇ/ಸಿ ಒತ್ತಿದರೆ ಪರದೆ ಖಾಲಿಯಾಗುತ್ತದೆ, ಅಷ್ಟೇ. ಸೆಕೆಂಡ್ ಒತ್ತಿ ಸಿಎಲ್‌ಆರ್ ಟಿವಿಎಂ ಒತ್ತಿದರೆ ಎನ್, ಐ/ವೈ, ಸಾಲದ ಮೊತ್ತ, ಕಂತು, ಎಫ್‌ವಿ ಐದೂ ಸೊನ್ನೆ. ಪಿ/ವೈ ಮಾತ್ರ ಆಗಲೂ ಜಪ್ಪಯ್ಯ ಅನ್ನುವುದಿಲ್ಲ. ಕಂತು ತಿಂಗಳ ಮೊದಲೋ ಕೊನೆಯೋ ಅನ್ನುವ ಬಿಜಿಎನ್ ಗುರುತೂ ಹಾಗೆಯೇ. ಮೂಲೆಯಲ್ಲಿ ಆ ಪುಟ್ಟ ಅಕ್ಷರ ಇದ್ದುಬಿಟ್ಟರೆ ಇದೇ ಸಾಲದ ಕಂತು 8,930.28ಕ್ಕೆ ಇಳಿಯುತ್ತದೆ.

ನನ್ನನ್ನು ಕೇಳಿದರೆ ತೊಂಬತ್ತು ಸಾವಿರದ ತಪ್ಪು ತಪ್ಪೇ ಅಲ್ಲ, ಕಂಡಕೂಡಲೇ ಕೂಗಿಸುತ್ತದೆ. ಒಂದೂಮುಕ್ಕಾಲು ರೂಪಾಯಿಯದ್ದು ರಾಯರಂಥವರಿಲ್ಲದಿದ್ದರೆ ಉತ್ತರಪತ್ರಿಕೆಗೇ ಹೋಗಿ ಕೂರುತ್ತದೆ.

ಎಲ್ಲ ಅಳಿಸಿ ಮತ್ತೆ ಹಾಕಿದಾಗ 8,997.26. ರಾಯರ ಮುಖ ಅರಳಿತು.

“ಇನ್ನೊಂದು ಮಾತು ರಾಯರೇ, ಪಿ/ವೈ ಮುಟ್ಟದೆ ಐ/ವೈಗೆ ತಿಂಗಳ ಬಡ್ಡಿ 0.75 ಕೊಟ್ಟಿದ್ರೂ ಇದೇ ಬರ್ತಿತ್ತು. ನನಗೆ ಅದೇ ವಾಸಿ ಅನ್ಸುತ್ತೆ. ಈಗ ದಯವಿಟ್ಟು ಪಿ/ವೈನ ವಾಪಸ್ 1 ಮಾಡಿ, ಆಮೇಲೆ ಮಗಳ ಕೈಗೆ ಕೊಡಿ.”