ಸ್ವಿಟ್ಜರ್ಲೆಂಡಿನ ಟ್ರ್ಯಾಕ್ಟರು, ಸಾವಳಗಿಯ ಎರಿ

ನಮ್ಮ ಮನೆಯ ಟ್ರ್ಯಾಕ್ಟರನ್ನು ಅಣ್ಣ ನನ್ನ ಕೈಗೆ ಕೊಡುವುದಿಲ್ಲ. ಕಾರಣ ಊರಿಗೆಲ್ಲ ಗೊತ್ತು, ಬಿಡಿ. ನನ್ನ ಮೇಲೆ ಕನಿಕರಪಟ್ಟವನು ಅಣ್ಣನ ಮಗನೇ. "ಬಾ ಕಾಕಾ, ಇಲ್ಲಿ ಹೊಡಿ, ಡೀಸಲ್ ನಂದ" ಎಂದು ಕಂಪ್ಯೂಟರಿನ ಮುಂದೆ ಕೂರಿಸಿದ. ಸಾಲು ಹಿಡಿಯುವಷ್ಟರಲ್ಲಿ ನಾನು ಮರಕ್ಕೆ ಗುದ್ದಿದೆ. ಮರಕ್ಕೇನೂ ಆಗಲಿಲ್ಲ, ಮಾನ ಮಾತ್ರ ಸ್ವಲ್ಪ ತರಚಿತು.

ಆಟದ ಹೆಸರು ಫಾರ್ಮಿಂಗ್ ಸಿಮ್ಯುಲೇಟರ್. ಸ್ವಿಟ್ಜರ್ಲೆಂಡಿನ ಜೈಂಟ್ಸ್ ಸಾಫ್ಟ್‌ವೇರ್ 2008ರಲ್ಲಿ ಶುರು ಮಾಡಿದ್ದು. 2021ರ ನವೆಂಬರಿನಲ್ಲಿ ಬಂದ ಆವೃತ್ತಿಗೆ ಹೊಸದಾಗಿ ಜೋಳ, ದ್ರಾಕ್ಷಿ, ಆಲಿವ್ ಸೇರಿದವು. ಕಬ್ಬು ಮೊದಲೇ ಇತ್ತು. ಆಲಿವ್ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ನಮ್ಮೂರು ಸಾವಳಗಿಯ ಫಸಲೇ! ಕಬ್ಬು ಕಡಿದ ಮೇಲೆ ಅಲ್ಲಿಯೂ ಕುಳೆ ಚಿಗುರುತ್ತದೆ. ದ್ರಾಕ್ಷಿ ಒಣಗಿಸಿ ಮಣೂಕ ಮಾಡಬಹುದು. ಬ್ಯಾಂಕಿನ ಸಾಲ, ಅದಕ್ಕೆ ಬಡ್ಡಿ, ಏರಿಳಿಯುವ ಧಾರಣೆ ಎಲ್ಲ ಉಂಟು. ಬಡ್ಡಿ ಲೆಕ್ಕ ಎಂದರೆ ಶಾಲೆಯಲ್ಲಿ ಹೊಟ್ಟೆ ನೋಯುವ ನಮ್ಮ ಹುಡುಗ, ಇಲ್ಲಿ "ಈಗ ಮಾರೂದು ಬ್ಯಾಡ, ರೇಟ್ ಏರತೈತಿ" ಎಂದು ಅಡತಿ ಅಂಗಡಿಯ ಸಾಹುಕಾರನ ಗತ್ತಿನಲ್ಲಿ ಹೇಳುತ್ತಾನೆ.

ಆಟದಿಂದ ಲೆಕ್ಕ ಕಲಿಯುವುದು ನಮಗೇನು ಹೊಸದಲ್ಲ. ಚೌಕಾಬಾರದಲ್ಲಿ ಕವಡೆ ಬೀಳುವ ಮೊದಲೇ ನಮ್ಮ ಅವ್ವ ಯಾರ ಕಾಯಿ ಹೊಡೆಯಬೇಕೆಂದು ಎಣಿಸಿ ಮುಗಿಸಿರುತ್ತಿದ್ದಳು. ಅವಳು ಶಾಲೆಯ ಮುಖ ಕಂಡವಳಲ್ಲ. ಶಾಲೆಯವರಿಗೂ ಇದು ಹೊಸದಲ್ಲ; ಅಮೆರಿಕದ ಮಿನೆಸೋಟಾದಲ್ಲಿ 1971ರಲ್ಲೇ ಮಾಸ್ತರರು ಮಕ್ಕಳಿಗೆ ಇತಿಹಾಸ ಕಲಿಸಲು 'ಒರೆಗಾನ್ ಟ್ರೇಲ್' ಎಂಬ ಕಂಪ್ಯೂಟರ್ ಆಟ ಕಟ್ಟಿದ್ದರು. ವಲಸೆ ಹೊರಟ ಗಾಡಿಗೆ ಎತ್ತು, ಕಾಳುಕಡಿ, ಬಟ್ಟೆಬರೆಗೆ ಇದ್ದ ಹಣವನ್ನು ಹಂಚಬೇಕು. ಲೆಕ್ಕ ತಪ್ಪಿದರೆ ದಾರಿಯಲ್ಲೇ ಉಪವಾಸ.

ಎಲ್ಲಿಗೋ ಹೋದೆ. ಒಂದು ದಿನ ನಮ್ಮ ಹುಡುಗ ಪರದೆಯ ಹೊಲಕ್ಕೆ ಸುಣ್ಣ ಎರಚುತ್ತಿದ್ದ. "ಸುಣ್ಣಾ ಹಾಕಲಿಲ್ಲಂದ್ರ ಇಳುವರಿ ಕಡಿಮಿ, ಕಾಕಾ. ನಮ್ಮ ಹೊಲಕ್ಕೂ ಹಾಕೂಣು" ಅಂದ. ಕಟ್ಟೆಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದ ಅಣ್ಣನ ಕೈ ಅಲ್ಲೇ ನಿಂತಿತು. ಎದ್ದು ಹೋಗಿ ಹೊಲದಿಂದ ಒಂದು ಹೆಂಟೆ ತಂದು ಮಗನ ಮುಂದೆಯೇ ಒಡೆದ. ಕರಿ ಮಣ್ಣಿನೊಳಗೆ ಬಿಳಿಬಿಳಿ ಹರಳು. "ಇದ ಸುಣ್ಣ ನೋಡು. ದೇವರ ಹಾಕಿ ಕಳಿಸ್ಯಾನ." ಸುಣ್ಣ ಬೇಕಾದದ್ದು ಮಲೆನಾಡಿನಂಥ ಹುಳಿ ಮಣ್ಣಿಗೆ, ನಮ್ಮ ಎರಿ ಭೂಮಿಗಲ್ಲ. ಆಟದವರು ವಸಂತದಲ್ಲಿ ಜೋಳ ಬಿತ್ತುತ್ತಾರೆ; ನಮ್ಮ ಹಿಂಗಾರಿ ಜೋಳಕ್ಕೆ ಸೆಪ್ಟೆಂಬರ್–ಅಕ್ಟೋಬರ್ ಬರಬೇಕು, ಮಳೆ ನಿಂತ ಮೇಲೆ ಎರಿ ಹಿಡಿದಿಟ್ಟ ಹಸಿಯ ಮೇಲೆಯೇ ಅದು ತೆನೆ ಕಟ್ಟಬೇಕು. ಇದನ್ನೆಲ್ಲ ಹುಡುಗ ಕೇಳಿಸಿಕೊಂಡದ್ದು ಆಟದ ದೆಸೆಯಿಂದಲೇ. ಸುಮ್ಮನೆ ಹೇಳಿದ್ದರೆ ಅಪ್ಪನ ಮಾತಿಗೆ ಯಾವ ಮಗ ಕಿವಿಗೊಟ್ಟಾನು?

ಒಂದು ವಿಷಯದಲ್ಲಿ ಮಾತ್ರ ಅಣ್ಣನಿಗೆ ಆ ಆಟದ ಮೇಲೆ ಹೊಟ್ಟೆಕಿಚ್ಚು. ಅಲ್ಲಿ ಕಬ್ಬು ಸುರಿದ ಕೂಡಲೇ ಖಾತೆಗೆ ದುಡ್ಡು! ನಮ್ಮಲ್ಲಿ 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನಗಳೊಳಗೆ ಬಿಲ್ಲು ಬರಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಕಾಗದದ ಮೇಲೆ ನಮ್ಮದೂ ಒಳ್ಳೆಯ ಆಟವೇ.

ಆದ್ದರಿಂದ ಮಕ್ಕಳ ಕೈಯಿಂದ ಆಟ ಕಸಿಯುವ ಮೊದಲು ಪಕ್ಕಕ್ಕೆ ಹೋಗಿ ಒಂದಿಷ್ಟು ಹೊತ್ತು ಕೂಡ್ರಿ. "ನಮ್ಮ ಹೊಲದಾಗ ಹಿಂಗ ಆಗತೈತೇನು?" ಎಂದು ಕೇಳ್ರಿ. ಅರ್ಧ ಪಾಠವನ್ನು ಆಟವೇ ಹೇಳಿಕೊಡುತ್ತದೆ, ಉಳಿದರ್ಧ ನಿಮ್ಮ ಬಾಯಿಂದ ಬರಬೇಕು.