ಗೋಕುಲಂನ ಡಾಲರ್ ಸ್ವಾಮಿ

ಮೈಸೂರಿನ ಗೋಕುಲಂನಲ್ಲಿ ಎಳನೀರಿನ ಗಾಡಿ ನಿಂತ ಕಡೆ ಡಾಲರ್ ಸ್ವಾಮಿ ಇದ್ದೇ ಇರುತ್ತಾನೆ. ಕೊರಳಿಗೆ ರುದ್ರಾಕ್ಷಿ, ಹೆಗಲಿಗೆ ಯೋಗದ ಚಾಪೆ, ಕಾಲ ಕೆಳಗೆ ಬಾಡಿಗೆ ಸ್ಕೂಟರು. ಗುರುತಿಗೆ ಇಷ್ಟು ಸಾಕು. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗಶಾಲೆ 2002ರಲ್ಲಿ ಲಕ್ಷ್ಮೀಪುರಂನಿಂದ ಇಲ್ಲಿಗೆ ಬಂದ ಮೇಲೆ ಯೋಗ ಕಲಿಯಲು ಬರುವ ಈ ವಿದೇಶಿ ಸಂತತಿ ಹುಲುಸಾಯಿತು. ಹಿಂದಿನವರು ಕೆಲಸಕ್ಕೆ ರಜೆ ಹಾಕಿ, ಕೂಡಿಟ್ಟ ಕಾಸು ಕರಗುವವರೆಗೆ ಬೆನ್ನು ಬಗ್ಗಿಸಿ, ಊರಿಗೆ ಮರಳುತ್ತಿದ್ದರು. ಈಗಿನ ಸ್ವಾಮಿ ಕೆಲಸವನ್ನೂ ಲ್ಯಾಪ್‌ಟಾಪಿನಲ್ಲಿ ಹೊತ್ತುಕೊಂಡೇ ಬರುತ್ತಾನೆ.

ಸಂಬಳ ಸ್ಯಾನ್ ಫ್ರಾನ್ಸಿಸ್ಕೋದ್ದು, ಮಸಾಲೆ ದೋಸೆ ಮೈಸೂರಿನದು. ಬೇಸಿಗೆಯಲ್ಲಿ ಇಲ್ಲಿ ನಡುರಾತ್ರಿ ಹನ್ನೆರಡಾದರೆ ಅಲ್ಲಿ ಬೆಳಿಗ್ಗೆ 11.30. ಹಾಗಾಗಿ ಮೀಟಿಂಗು ರಾತ್ರಿಗೆ, ಆಸನ ನಸುಕಿಗೆ. ನಿದ್ದೆ ಯಾವಾಗಪ್ಪಾ ಅಂದರೆ, “ಶವಾಸನದಲ್ಲಿ!” ಅಷ್ಟಾಂಗದವರಿಗೆ ಅಮಾವಾಸ್ಯೆ, ಹುಣ್ಣಿಮೆ ಎರಡೂ ರಜೆ. ನಮ್ಮ ಹುಡುಗರಿಗೆ ತಿಥಿ ಮರೆತುಹೋಗಿದೆ. ಇವನು ತಪ್ಪದೆ ಪಂಚಾಂಗ ನೋಡುತ್ತಾನೆ.

ಆಟೋದವರು ಹತ್ತು ರೂಪಾಯಿ ಜಾಸ್ತಿ ಕೇಳಲಿ, ಸ್ವಾಮಿಯ ಶಾಂತಿ ಅಲ್ಲೇ ಮುಗಿಯಿತು. “ಮೀಟರ್ ಹಾಕಿ ಅಣ್ಣಾ, ನಾನು ಟೂರಿಸ್ಟ್ ಅಲ್ಲ!” ಪಾಸ್‌ಪೋರ್ಟಿನಲ್ಲಿ ಇರುವುದೇನೋ ಪ್ರವಾಸಿ ವೀಸಾ. ಅದರ ಮೇಲೆ ಇಲ್ಲಿ ಕೆಲಸ ಮಾಡುವಂತಿಲ್ಲ ಎಂದು ನೆನಪಿಸಿದರೆ ಉತ್ತರ ಸಿದ್ಧ: “ಕೆಲಸ ಅಮೆರಿಕದಲ್ಲಿದೆ, ಇಲ್ಲಿರುವುದು ಬೆರಳು ಮಾತ್ರ.” ದಿನದ ಲೆಕ್ಕದಲ್ಲಂತೂ ಹಳೆಯ ಶಾನುಭೋಗರೂ ಇವನ ಮುಂದೆ ನಿಲ್ಲಲಾರರು. ಅಮೆರಿಕದವರು ಇ-ಪ್ರವಾಸಿ ವೀಸಾದಲ್ಲಿ ಒಮ್ಮೆಗೆ ಇರಬಹುದಾದದ್ದು 180 ದಿನ. ಆರ್ಥಿಕ ವರ್ಷದಲ್ಲಿ 182 ದಿನ ಉಳಿದವನು ಆದಾಯ ತೆರಿಗೆಯವರ ಪಾಲಿಗೆ ಇಲ್ಲಿಯ ನಿವಾಸಿ. ಆ ಗಡಿ ಹತ್ತಿರ ಬಂತೋ, ‘ಮೈಸೂರೇ ನನ್ನ ಮನೆ’ ಎನ್ನುತ್ತಿದ್ದವನು ಬಾಲಿಯ ವಿಮಾನ ಹತ್ತಿರುತ್ತಾನೆ.

ಹತ್ತು ರೂಪಾಯಿಗೆ ಜಗಳವಾಡುವ ಇದೇ ಸ್ವಾಮಿ, ಓನರ್ ಆಂಟಿ ಹೇಳಿದ ಬಾಡಿಗೆಯನ್ನು ಮನಸ್ಸಿನಲ್ಲೇ ಡಾಲರಿಗೆ ಭಾಗಿಸಿ, “ಇಷ್ಟೇನಾ?” ಎಂದುಬಿಡುತ್ತಾನೆ. ಆ ಮೂರಕ್ಷರದ ಮಾತು ಬೀದಿಯ ತುಂಬ ಓಡಾಡುತ್ತದೆ. ಮರುತಿಂಗಳೇ ಆಂಟಿ ಮಹಡಿಯ ಮೇಷ್ಟ್ರಿಗೆ, “ಅಮೆರಿಕದಿಂದ ಮಗ ಬರ್ತಾನೆ, ಮನೆ ಖಾಲಿ ಮಾಡಿಕೊಡಿ” ಅನ್ನುತ್ತಾರೆ. ಅಮೆರಿಕದಿಂದ ಬರುವುದು ನಿಜ. ಮಗ ಮಾತ್ರ ಅಲ್ಲ. ಇತ್ತ ಸ್ವಾಮಿ ಎಳನೀರು ಹೀರುತ್ತಾ, “ಗೋಕುಲಂ ಮೊದಲಿನ ಹಾಗಿಲ್ಲ. ಹೊಸಬರು ಬಂದು ರೇಟು ಕೆಡಿಸಿದರು” ಎಂದು ಮರುಗುತ್ತಾನೆ.

ನಗುವುದೇನೋ ಸುಲಭ. ಬೆಂಗಳೂರಿನ ಸಂಬಳ ಹಿಡಿದು ಮೈಸೂರಿನಲ್ಲಿ ಮನೆ ಮಾಡಿ, “ಇಲ್ಲಿ ಎಲ್ಲಾ ಸೋವಿ ಮಾವ” ಎನ್ನುವ ನಮ್ಮ ಅಳಿಯಂದಿರೂ ಇದೇ ಮಠದ ಶಿಷ್ಯರು. ಸೋವಿ ಊರಿನಲ್ಲಿ ಬದುಕುವುದು ತಪ್ಪಲ್ಲ. ದೊಡ್ಡ ಸಂಬಳದವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಚೌಕಾಸಿಯನ್ನು ಮನೆ ಓನರ್ ಹತ್ತಿರ ಮಾಡಿ, ಆಟೋದವರ ಹತ್ತಿರ ಬೇಡ.